ಎಲ್ಲರಿಗಿಂತ ಹಿಂದೆ ನಿಂತವನು

ಸೋಲಾಪುರದ ನಮ್ಮ ಚಾದರ ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ನನಗೆ ಒಂದೇ ಕೆಲಸ: ರಟ್ಟಿನ ಮೇಲೆ ಫುಟ್‌ಬಾಲ್ ಮೈದಾನ ಬರೆದು ಹನ್ನೊಂದು ಅಂಗಿಗುಂಡಿ ಸರಿಸುವುದು. ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಿಡುವ ನಾನು ತಂಡಕ್ಕೆ ಸೇರಿದ್ದು ಈ ಗುಂಡಿಗಳಿಂದಲೇ. ಎಂಐಡಿಸಿ ಕೈಗಾರಿಕಾ ಪ್ರದೇಶದ ಮಗ್ಗದ ಕೆಲಸಗಾರರು ಆಡುವವರು, ತಪ್ಪು ಹುಡುಕಿ ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವನು ನಾನು.

ಅಕ್ಕಲಕೋಟದಲ್ಲಿ ದುಧನಿಯವರ ವಿರುದ್ಧ ಫೈನಲ್. ಅವರ ಮುಂಪಡೆಯವನು ಭಾರಿ ಓಟಗಾರ. ಅವನು ನಮ್ಮೆಲ್ಲರ ಹಿಂದೆ ಸಿಕ್ಕಿಬಿದ್ದು ಆಫ್‌ಸೈಡ್ ಆಗಬೇಕಾದರೆ ನಮ್ಮ ಹಿಂಬದಿಯ ನಾಲ್ವರೂ ಒಮ್ಮೆಲೇ ಮುಂದೆ ಬರಬೇಕು. ಮೂವರು ಬರುತ್ತಿದ್ದರು. ಹುಲಜಂತಿ ಕಡೆಯ, ಕುರಿ ಸಾಕುವ ಮನೆಯ ನಾಲ್ಕನೆಯವನು ನಿಂತಲ್ಲೇ ನಿಲ್ಲುತ್ತಿದ್ದ. ಪ್ರತಿ ಸಲ! ಹಿಂದಿನ ಪಂದ್ಯಗಳ ವಿಡಿಯೊ ಮೊಬೈಲ್‌ನಲ್ಲಿ ನೋಡಿ ಅದನ್ನು ಕಂಡುಹಿಡಿದಾಗ ಅಂಗಡಿಯಲ್ಲೇ ಕುಣಿದೆ. ಅವನ ಗುಂಡಿ ತೆಗೆದು ಜೇಬಿಗೆ ಹಾಕಿಕೊಂಡೆ.

ತಂಡದಿಂದ ತೆಗೆದ ಮಾತು ಹೇಳಲು ಹೋದರೆ ಅವನೇ ಮೊದಲು ಬಾಯಿ ಬಿಟ್ಟ. "ಅಣ್ಣಾ, ಫೈನಲ್ ನೋಡಾಕ ನಮ್ಮಪ್ಪ ಬರಾಕತ್ತಾನ್ರಿ. ನನ್ನ ಆಟ ಒಮ್ಮೆನೂ ನೋಡಿಲ್ಲ."

ಜೇಬಿನ ಗುಂಡಿಯನ್ನು ಬೆರಳಲ್ಲಿ ತಿರುಗಿಸಿದೆ. ಸಿಟ್ಟೂ ಬಂತು. "ಮುಂದ ಬಾ ಅಂತ ಒದರಿದ್ರೂ ಯಾಕ ನಿಲ್ತಿ?"

"ಕಾಲ ಏಳಂಗಿಲ್ರಿ. ಕುರಿ ಹಳ್ಳಾ ದಾಟೂ ಮುಂದ, ಕಡೀ ಮರಿ ದಾಟೂತನಾ ಹಿಂದಿನಂವ ಜಾಗಾ ಬಿಡಬಾರದಂತ ಅಪ್ಪ ಸಣ್ಣಂವ ಇದ್ದಾಗಿಂದ ಕಲಿಸ್ಯಾನ."

ಥಟ್ಟನೆ ಹೊಳೆಯಿತು! ಅಂಗಡಿಗೆ ಓಡಿದೆ, ಹೌದು, ಓಡಿದೆ. ಜೇಬಿನ ಗುಂಡಿಯನ್ನು ಗೋಲಿನ ಮುಂದೆ, ಎಲ್ಲರಿಗಿಂತ ಹಿಂದೆ ಇಟ್ಟೆ. ಆಫ್‌ಸೈಡ್ ಗೊಡವೆಯೇ ಬೇಡ. ಮೂವರು ಮುಂದೆ ಹೋಗಿ ಚೆಂಡಿಗೆ ಮುಗಿಬೀಳಲಿ, ತಪ್ಪಿಸಿಕೊಂಡು ಬಂದವನಿಗೆ ಇವನೊಬ್ಬ ಸಾಕು. ನಾನು ತಪ್ಪೆಂದುಕೊಂಡದ್ದೇ ನಮ್ಮ ಬಲವಾಗಿತ್ತು. ನನ್ನ ಬುದ್ಧಿಗೆ ನಾನೇ ಬೈದುಕೊಂಡೆ.

ಫೈನಲ್‌ನ ಸಂಜೆ ನಾನು ಗೆರೆಯ ಹೊರಗೆ ನಿಂತಿದ್ದೆ. ದುಧನಿಯ ಓಟಗಾರ ಮೂರು ಸಲ ನಮ್ಮವರನ್ನು ದಾಟಿ ನುಗ್ಗಿದ, ಮೂರು ಸಲವೂ ಇವನ ಕಾಲಿಗೇ ಚೆಂಡು ಒಪ್ಪಿಸಿ ಹೋದ. ಮೂರನೆಯ ಸಲ ಇವನು ಉದ್ದಕ್ಕೆ ಒದ್ದ ಚೆಂಡು ನಮ್ಮ ಮುಂಪಡೆಯವನಿಗೆ ಸಿಕ್ಕಿತು. ಗೋಲ್! ನಾನು ಗಂಟಲು ಹರಿಯುವ ಹಾಗೆ ಕಿರುಚಿದೆ.

ಕೊನೆಯ ಸೀಟಿ ಮೊಳಗಿತು, ಗೆದ್ದಿದ್ದೆವು. ಎಲ್ಲರೂ ಮೈದಾನದ ನಡುವೆ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಅವನು ಮಾತ್ರ ನಮ್ಮ ಗೋಲಿನ ಮುಂದೆಯೇ ನಿಂತಿದ್ದ. ಕೈಬೀಸಿ ಕರೆದೆ, ಅಲ್ಲಾಡಲಿಲ್ಲ.

ಗೋಲಿನ ಹಿಂದೆ ಕಂಬಳಿ ಹೊದ್ದು ನಿಂತಿದ್ದ ಅವನ ಅಪ್ಪ ಗಟ್ಟಿಯಾಗಿ ಹೇಳಿದ: "ಎಲ್ಲಾ ದಾಟ್ಯಾವಪಾ, ಇನ್ನ ನೀ ಹೋಗು."

ಆಗ ಅವನು ಓಡಿ ಬಂದ.