ಮೊದ್ಲು ನಾನು ನೋಡ್ಕಂಡ್ ಬತ್ತೀನಿ

“ಅಜ್ಜಿಗೆ ಮಂಡಿನೋವು. ಇಲ್ದಿದ್ರೆ ಯಾವತ್ತೋ ಚುಂಚಿ ಫಾಲ್ಸ್ ನೋಡ್ಬುಡ್ತಿದ್ರು.” ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಚರಿತ್ರೆ ಇದು. ಭಾನುವಾರದ ಚುಂಚಿ ಪ್ರವಾಸಕ್ಕೆ ಪುಳಿಯೋಗರೆಯೋ ಚಪಾತಿಯೋ ಎಂದು ಲೆಕ್ಕ ಹಾಕುತ್ತಿದ್ದ ಮೊಮ್ಮಗಳು ನಿನ್ನೆಯೂ ಇದನ್ನೇ ಹೇಳಿದಳು. ನನ್ನ ಹೆಂಡತಿ ಜಯಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಊರಿನವರ ಚರಿತ್ರೆಯನ್ನೆಲ್ಲ ತಿದ್ದಲು ಮುಂದಾಗುವ ನನಗೆ ಈ ಒಂದು ತಪ್ಪು ಮಾತ್ರ ಬಹುಕಾಲ ಅನುಕೂಲವಾಗಿಯೇ ಇತ್ತು.

ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಉಳಿದದ್ದನ್ನು ಮಾಗಡಿಯ ಗ್ರಂಥಾಲಯದ ಬೆಂಚಿನ ಮೇಲೆ ಕಲಿತೆ. ಹಾಗೆ ಕಲಿತವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಯಾರು ಏನು ಹೇಳಿದರೂ ‘ನೀವು ಕಂಡಿದ್ದೀರಾ?’ ಎಂದು ಕೇಳುವುದು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಅದನ್ನು ಬಸ್ಸಿನ ವೇಳೆಗೂ ಅನ್ವಯಿಸಿದವನು ನಮ್ಮ ಬೀದಿಯಲ್ಲಿ ನಾನೊಬ್ಬನೇ.

ಏನನ್ನೂ ಕೇಳದ ಜಯಮ್ಮ ಹಲವು ವರ್ಷಗಳ ಹಿಂದೆ ಒಮ್ಮೆ ಬಾಯಿಬಿಟ್ಟು ಕೇಳಿದಳು: “ಚುಂಚಿಲಿ ನೀರು ಧುಮುಕ್ತದಂತೆ. ಒಂದಿನ ಹೋಗ್ಬರಾನ.” ರೊಟ್ಟಿ, ಚಟ್ನಿಪುಡಿ, ಬದಲಿ ಸೀರೆ ಚೀಲ ಸೇರಿದವು. ಆದರೆ ನಾನು ವಿಚಾರಿಸಿದವರಲ್ಲಿ ನೀರಿದೆ ಎಂದವರು ಕೆಲವರು, ಬರೀ ಬಂಡೆ ಎಂದವರು ಕೆಲವರು. ಕಾಲುದಾರಿಯ ದೂರವನ್ನಂತೂ ಯಾವ ಇಬ್ಬರೂ ಒಂದೇ ರೀತಿ ಹೇಳಲಿಲ್ಲ. “ಮೊದ್ಲು ನಾನು ನೋಡ್ಕಂಡ್ ಬತ್ತೀನಿ,” ಎಂದೆ.

ಜಯಮ್ಮನ ತಮ್ಮ ಅಲ್ಲೇ ಇದ್ದ. “ಅದೇನು ಸಂಬಂಧ ನೋಡದಾ ಭಾವ, ಮೊದ್ಲು ಒಬ್ರು ಹೋಗಿ ವಿಚಾರಿಸ್ಕಂಡ್ ಬರಕ್ಕೆ? ನೀರಿದ್ರೆ ನೋಡಿ, ಇಲ್ದಿದ್ರೆ ಬಂಡೆ ಮ್ಯಾಲೆ ಕೂತು ರೊಟ್ಟಿ ತಿಂದು ಬನ್ನಿ.”

“ಅವ್ರು ಕೇಳಕ್ಕಿಲ್ಲ, ಬುಡ್ಲಾ,” ಎಂದ ಜಯಮ್ಮ ಸೀರೆಯನ್ನು ಹೊರಗೆ ತೆಗೆದು, ಚೀಲವನ್ನು ನನ್ನ ಕೈಗೆ ಕೊಟ್ಟಳು.

ಹೋದೆ. ನೀರಿತ್ತು. ಸಂಜೆ ಬಂದು, ಅನ್ನ ಬೇಯುವಷ್ಟು ಹೊತ್ತು ವರದಿ ಒಪ್ಪಿಸಿದೆ: ನೀರು ಕಾಣುವ ಮೊದಲೇ ಸದ್ದು ಕೇಳುವುದು, ಯಾವ ಬಂಡೆ ಜಾರುತ್ತದೆ, ಕನ್ನಡಕದ ಮೇಲೆ ತುಂತುರು ಕೂರುವ ಬಗೆ, ಎಲ್ಲವನ್ನೂ. ಒಲೆಯ ಕಡೆ ಮುಖ ಮಾಡಿಯೇ ಅವಳೆಂದಳು: “ನೋಡ್ದಂಗೇ ಆಯ್ತು ಬುಡಿ.”

ನಮ್ಮ ತಾರ್ಕಿಕರು ಕಣ್ಣಾರೆ ಕಾಣುವ ಪ್ರತ್ಯಕ್ಷವೇ ಬೇರೆ, ಕಂಡವರ ಮಾತು ಕೇಳಿ ತಿಳಿಯುವ ಶಬ್ದಪ್ರಮಾಣವೇ ಬೇರೆ ಎಂದು ವಿಂಗಡಿಸಿದ್ದಾರೆ. ನಾನು ಪ್ರತ್ಯಕ್ಷವನ್ನು ಇಟ್ಟುಕೊಂಡು, ಶಬ್ದವನ್ನು ಅವಳಿಗೆ ಕೊಟ್ಟೆ. ಅದನ್ನು ಸಮಪಾಲೆಂದೂ ತಿಳಿದೆ. ಆಯುಷ್ಯವೆಲ್ಲ ಎಲ್ಲರ ಮಾತನ್ನೂ ಶಂಕಿಸಿದವನು ವಿಚಾರಿಸದೆ ನಂಬಿದ್ದು ಅವಳ ಆ ಒಂದೇ ವಾಕ್ಯವನ್ನು. ಇನ್ನೊಮ್ಮೆ ಹೋಗೋಣವೆಂದು ನಾನೂ ಕರೆಯಲಿಲ್ಲ, ಅವಳೂ ಕೇಳಲಿಲ್ಲ.

ಈಗ ಬಂಡೆ ಇಳಿಯುವುದು ಅವಳಿಂದಾಗದು. ಮೇಲೆ ಕಾರಿನಲ್ಲೇ ಕೂತಿರಬಹುದು ಎಂದು ಮೊಮ್ಮಗಳು ನಿನ್ನೆ ಕರೆದಾಗ ಅವಳು ಕೇಳಿದ್ದು ಒಂದೇ: “ಅಲ್ಲಿಗೆ ಒಸಿ ಸದ್ದಾದ್ರೂ ಕೇಳ್ತದೇನವ್ವ?” ಮೊಮ್ಮಗಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಎದ್ದು ಹೋಗಿ ಕಪಾಟು ತೆಗೆದೆ.

ಆದ್ದರಿಂದ ಮಂಡಿಯನ್ನು ದೂರಬೇಡಿ. ನನ್ನ ಮಾತನ್ನೂ ನಂಬಬೇಡಿ. ಕಪಾಟಿನಲ್ಲಿ, ಹಳೆಯ ಪಂಚಾಂಗದ ನಡುವೆ, ಎರಡು ಕಾಗದಗಳಿವೆ. ಒಂದು, ಮಂಡಿನೋವಿಗೆಂದು ವೈದ್ಯರು ಬರೆದ ಮೊದಲ ಚೀಟಿ. ಇನ್ನೊಂದು, ಅದಕ್ಕಿಂತ ಆರು ವರ್ಷ ಹಿಂದಿನದು: ಚುಂಚಿಗೆ ಹೋದ ದಿನ ರಾಮನಗರದಿಂದ ಕನಕಪುರಕ್ಕೆ ಪಡೆದ ಬಸ್ಸಿನ ಟಿಕೆಟು. ಶಾಯಿ ಮಾಸಿದೆ, ಬೆಳಕಿಗೆ ಹಿಡಿದರೆ ಪ್ರಯಾಣಿಕರ ಸಂಖ್ಯೆಯನ್ನು ಯಾರು ಬೇಕಾದರೂ ಓದಬಹುದು. ಒಂದು.