ಪಾದ್ರಿ ಬಂಗಲೆಗೆ ಅವ್ವ ಹೇಳಿದ ಸಾಕ್ಷಿ

ಮಾನ್ವಿಯ ಹಳೆಯ ಪಾದ್ರಿ ಬಂಗಲೆಯನ್ನು ಕೆಡವಿ ಸಭಾಭವನ ಕಟ್ಟುತ್ತಾರೆಂಬ ಸುದ್ದಿ ಬಂದಾಗ ಎಲ್ಲರಿಗಿಂತ ಹೆಚ್ಚು ಕಂಗೆಟ್ಟವಳು ನಾನು. ಅಪ್ಪ ಅಲ್ಲಿ ಪಾದ್ರಿಯಾಗಿದ್ದರು. ನನ್ನ ಬಾಲ್ಯವೆಲ್ಲ ಆ ಮನೆಯಲ್ಲೇ ಕಳೆಯಿತು. ಈಗ ರಾಯಚೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳಾದ್ದರಿಂದ ಆ ಮನೆಯ ಮೇಲಿನ ನನ್ನ ಮೋಹಕ್ಕೆ ‘ಪರಂಪರೆಯ ಕಾಳಜಿ’ ಎಂಬ ಗೌರವದ ಹೆಸರೂ ಸಿಕ್ಕಿತ್ತು.

ನಿಜಾಮರ ಕಾಲದಲ್ಲಿ ಬಂದ ಬಿಳಿಯ ಪಾದ್ರಿಯೊಬ್ಬರು ಕಟ್ಟಿಸಿದ ಮನೆ ಅದು. ಎತ್ತರದ ಛಾವಣಿ, ಸುತ್ತಲೂ ಪಡಸಾಲೆ, ನಡುಮನೆಯಲ್ಲಿ ಚಳಿ ಕಾಯಿಸಿಕೊಳ್ಳಲು ಕಲ್ಲಿನ ಅಗ್ಗಿಷ್ಟಿಕೆ. ನಮ್ಮ ಸೀಮೆಯಲ್ಲಿ ಚಳಿ! ಅವ್ವ ಅದರೊಳಗೆ ಉಳ್ಳಾಗಡ್ಡಿ ತುಂಬಿಡುತ್ತಿದ್ದಳು.

ಚರ್ಚಿನ ಹಿರಿಯರು ಆ ಬಂಗಲೆಯಲ್ಲೇ ಸಭೆ ಕರೆದರು. ಅಪ್ಪ ಈಗಿಲ್ಲ. ಅಲ್ಲಿ ಬಾಳಿದವಳ ಮಾತಿಗೆ ತೂಕವಿರುತ್ತದೆಂದು ನಾನು ಅವ್ವನನ್ನು ಕರೆದುಕೊಂಡು ಹೋದೆ. ಏನು ಹೇಳಬೇಕೆಂದು ಬಸ್ಸಿನುದ್ದಕ್ಕೂ ಹೇಳಿಕೊಟ್ಟೆ. ಅವಳು ಕಿಟಕಿಯಾಚೆ ನೋಡುತ್ತ ತಲೆಯಾಡಿಸಿದಳು.

ದೇವದುರ್ಗದಿಂದ ಬಂದಿದ್ದ ನಿವೃತ್ತ ಹೆಡ್‌ಮಾಸ್ತರರು ಕೇಳಿದರು: “ಹೇಳ್ರಿ ಯವ್ವಾ, ಮನಿ ಉಳಸೂದೋ, ಕೆಡವೂದೋ?”

“ಕೆಡವ್ರಿ,” ಎಂದಳು ಅವ್ವ.

ನಾನು ಅವಳ ಮೊಣಕೈ ಹಿಡಿದೆ. ಅವಳು ಬಿಡಿಸಿಕೊಂಡಳು.

“ನನ್ನ ಮಗಳಿಗೆ ಇದು ಬಂಗಲಿ. ನನಗ ಅಡಗಿಮನಿ ಹಿತ್ತಲದಾಗ ಇತ್ತು. ಬಿಳೇ ಪಾದ್ರಿಗೆ ಒಗ್ಗರಣಿ ವಾಸನಿ ಆಗ್ತಿದ್ದಿಲ್ಲಂತ. ಮಳಿ ಬಂದ್ರ ತಲಿಮ್ಯಾಲ ಚೀಲ ಹಾಕ್ಕೊಂಡು ಸಾರಿನ ಗಡಿಗಿ ಹಿಡಕೊಂಡು ಓಡಿ ಬರ್ತಿದ್ದೆ. ಆತಗ ಬಟ್ಲರ್ ಇದ್ದ. ಆಮ್ಯಾಲ ಬಂದ ಪಾದ್ರಿಗಳಿಗೆ ಹೆಂಡ್ರು ಇದ್ರು.”

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಈಗಿನ ಪಾದ್ರಿಯ ಹೆಂಡತಿ ಫಕ್ಕನೆ ನಕ್ಕು, ಗಂಡನ ಮುಖ ನೋಡಿ ಸುಮ್ಮನಾದಳು. ಅವ್ವ ಅವಳತ್ತ ತಿರುಗಿದಳು.

“ನೀ ಈಗ ಎಲ್ಲಿ ಅಡಗಿ ಮಾಡ್ತಿ ಬೇ?”

“ಅಲ್ಲೇ ಮಾಡಾಕತ್ತೀನಿ ಯವ್ವಾ.”

ಅವ್ವ ಎದ್ದು ಹಿತ್ತಲಿಗೆ ನಡೆದಳು. ವಯಸ್ಸಾದವಳು ಹೊರಟಳೆಂದು ಹಿರಿಯರೂ ಹಿಂದೆ ಹೊರಟರು. ವರ್ಷಗಟ್ಟಲೆ ಆ ಮನೆಯ ಊಟ ಹೊಗಳಿದವರು ಅಡುಗೆಮನೆಯನ್ನು ನೋಡಿದ್ದು ಅಂದೇ. ಗಿಡ್ಡ ಬಾಗಿಲಿಗೆ ಹೆಡ್‌ಮಾಸ್ತರರ ಹಣೆ ಬಡಿಯಿತು. ಹಣೆ ಉಜ್ಜಿಕೊಳ್ಳುತ್ತ, “ಮತ್ತೇನ್ ಮಾಡೂಣ್ರಿ?” ಎಂದರು.

“ಮೊದಲ ಈಕಿಗೊಂದು ಮನಿ ಕಟ್ರಿ. ಒಳಗ ಒಲಿ ಇರೋ ಮನಿ. ಆಮ್ಯಾಲ ಹಳೀದನ್ನ ಇಟ್ಕೋರಿ, ಬಿಡ್ರಿ, ನನಗೇನು.”

ಸಭಾಭವನಕ್ಕೆಂದು ಕೂಡಿಸಿದ್ದ ಇಟ್ಟಿಗೆಯಲ್ಲೇ ಅಂಗಳದ ಮೂಲೆಯಲ್ಲಿ ಪುಟ್ಟ ಮನೆ ಎದ್ದಿತು. ಭವನದ ಉತ್ಸಾಹ ಅಲ್ಲಿಗೆ ಇಳಿಯಿತು. ಯಾರೂ ವಾಸಿಸಬೇಕಾಗಿಲ್ಲ ಎಂದಾದ ಮೇಲೆ ಬಂಗಲೆಯ ಚೆಲುವು ಎಲ್ಲರಿಗೂ ಕಾಣತೊಡಗಿತು. ಹೆಂಚು ಬದಲಾಯಿತು, ಗೋಡೆಗೆ ಸುಣ್ಣ ಬಿತ್ತು. ಸಮಾರಂಭ ಮಾಡಿ, ಬಂಗಲೆ ಉಳಿಸಿದವಳೆಂದು ನನಗೆ ಶಾಲು ಹೊದಿಸಿದರು. ಹಿರಿಯರ ಸಭೆಗೆಂದು ಬರೆದುಕೊಂಡು ಹೋಗಿದ್ದ ಭಾಷಣವನ್ನು ಅಂದು ಓದಿದೆ, ಚಪ್ಪಾಳೆಯೂ ಬಿತ್ತು.

ಅತಿಥಿಗಳಿಗೆ ಕೋಣೆಗಳನ್ನು ತೋರಿಸುವಾಗ ಅವ್ವ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಹೊಸ ಮನೆಯಲ್ಲಿ, ರೊಟ್ಟಿ ಬಡಿಯುತ್ತಿದ್ದ ಪಾದ್ರಿಯ ಹೆಂಡತಿಯ ಪಕ್ಕದಲ್ಲಿ ಕುಳಿತು ಉಣ್ಣುತ್ತಿದ್ದಳು.

“ಬಾ ಅವ್ವಾ, ನಿನ್ನ ಕೋಣಿ ಎಷ್ಟ್ ಚೆಂದ ಮಾಡ್ಯಾರ ನೋಡು.”

“ನೀ ನೋಡಿ ಬಾ. ನನ್ನ ರೊಟ್ಟಿ ಆರ್ತದ.”

ನಾನು ಶಾಲು ಸರಿಪಡಿಸಿಕೊಂಡು ಹಿಂದಿರುಗಿ, ಛಾವಣಿಯ ತೊಲೆಗಳ ಬಗ್ಗೆ ವಿವರಿಸತೊಡಗಿದೆ. ನನಗೂ ಹಸಿವಾಗಿತ್ತು.