ಇರುವುದೊಂದು ಗುಂಡಿ, ಇರುವುದೊಂದು ಪ್ಲಗ್

ನನ್ನ ಅಕ್ಕನ ಗಂಡ ಎಲೆಕ್ಟ್ರಿಷಿಯನ್. ಊರಿನ ಅರ್ಧದಷ್ಟು ಮನೆಗಳ ವೈರಿಂಗ್ ಅವರದೇ. ಆದರೂ ಜನ ಅವರನ್ನು ಕರೆಯುವುದು ‘ಸೈರನ್’ ಎಂದು. ನಮ್ಮ ಹಾಕಿ ತಂಡ ಗೋಲು ಹೊಡೆದಾಗ ಮೈದಾನದ ಮೂಲೆಯ ಕ್ಯಾಬಿನ್ನಿನಲ್ಲಿ ಕೂತು ಸೈರನ್ ಒತ್ತುವ ಕೆಲಸ ಒಂಬತ್ತು ವರ್ಷದಿಂದ ಭಾವನದು. ಅದಕ್ಕೆ ಸಂಬಳವಿಲ್ಲ. ಈ ವರ್ಷವಂತೂ ಕೆಲಸವೂ ಇರಲಿಲ್ಲ.

ಊರ ಮೈದಾನದಲ್ಲಿ ಆರು ಪಂದ್ಯಗಳಾಗಿದ್ದವು, ಆರರಲ್ಲೂ ನಮ್ಮದು ಸೊನ್ನೆ. ನಮ್ಮ ಸೆಂಟರ್ ಫಾರ್ವರ್ಡ್ ಬಹಳ ದಯಾವಂತ. ಎದುರಿನ ಗೋಲ್‌ಕೀಪರಿಗೆ ನೋವಾಗಬಾರದೆಂದು ಚೆಂಡನ್ನು ಸದಾ ಕಂಬದಿಂದ ಎರಡು ಮಾರು ಆಚೆಗೇ ಹೊಡೆಯುತ್ತಿದ್ದ. ಭಾವ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕಿರುಚುತ್ತಿದ್ದರು.

“ಏಯ್, ಇರೋದೊಂದು ಕೆಲ್ಸ, ಅದನ್ನೂ ಮಾಡೋಕಾಗಲ್ವೇನೋ ನಿಂಗೆ?”

ಮೈದಾನ ಎಷ್ಟು ಖಾಲಿಯಿರುತ್ತಿತ್ತೆಂದರೆ, ಅದು ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಪಂದ್ಯದ ದಿನ ನಾನೂ ಕೂರುತ್ತಿದ್ದ ಆ ಕ್ಯಾಬಿನ್ನಿನಲ್ಲಿ ಇದ್ದದ್ದು ಒಂದೇ ಪ್ಲಗ್ ಪಾಯಿಂಟ್. ಇನ್ನೊಂದು ಹಾಕಿಕೊಳ್ಳಿ ಎಂದು ನಾನು ಹೇಳಿದ್ದಕ್ಕೆ, “ನಾಳೆ ಹಾಕಿದ್ರಾಯ್ತು ಬಿಡೋ” ಎಂದು ಒಂಬತ್ತು ವರ್ಷ ತಳ್ಳಿದ್ದರು. ಮೂರನೇ ಪಂದ್ಯದಿಂದ ಅವರು ಸೈರನ್ನಿನ ಪ್ಲಗ್ ಕಿತ್ತು ಟೀ ನೀರಿನ ಕೆಟಲ್ ಹಾಕತೊಡಗಿದರು. ಈ ತಂಡದಿಂದ ಬೇರೇನೂ ಬಿಸಿಯಾಗುವಂತಿರಲಿಲ್ಲ.

ಕೊನೆಯ ಪಂದ್ಯದ ದಿನ ತಂಡದ ಮ್ಯಾನೇಜರ್ ಕ್ಯಾಬಿನ್ನಿಗೇ ಬಂದ. “ಇವತ್ತು ಕೂಗಿದ್ರೆ ಸೈರನ್ ಇರುತ್ತೆ. ಇಲ್ದಿದ್ರೆ ಮುಂದಿನ ವರ್ಷ ಇಲ್ಲಿ ಮುರಿದ ಕುರ್ಚಿ ತುಂಬಿಸ್ತೀವಿ.”

ಭಾವನ ಮುಖ ಸಪ್ಪಗಾಯಿತು. ಗುಂಡಿ ಒತ್ತಿದೊಡನೆ ಇಡೀ ಮೈದಾನ ಎದ್ದು ಕುಣಿಯುವ ಆ ಒಂದು ಗಳಿಗೆ ಅವರಿಗೆ ಪ್ರಾಣ. ಕಂಡವರ ಮನೆಯ ಏಣಿ ಹತ್ತಿ ಬೈಸಿಕೊಂಡದ್ದೆಲ್ಲ ಅಲ್ಲಿ ಮರೆತುಹೋಗುತ್ತಿತ್ತು. ಅವತ್ತು ಸೈರನ್ ಪ್ಲಗ್ಗನ್ನು ಅವರೇ ಹಾಕಿದರು, ಗುಂಡಿಯನ್ನು ಅಂಗಿಯ ತುದಿಯಿಂದ ಒರೆಸಿದರು.

ಆಟ ಮುಗಿಯಲು ಆರು ನಿಮಿಷವಿದ್ದಾಗ ಸಂಬಳ ತೆಗೆದುಕೊಂಡು ಆಡುವ ನಮ್ಮ ಶೂರರು ನಾಲ್ಕು ಗೋಲು ತಿಂದು ಸುಸ್ತಾಗಿದ್ದರು. “ಮುಗೀತಪ್ಪ ನಮ್ ಕಥೆ, ಟೀನಾದ್ರೂ ಕುಡಿಯೋಣ” ಎಂದು ಭಾವ ಪ್ಲಗ್ ಬದಲಾಯಿಸಿದರು.

ಆಗ ಸೆಂಟರ್ ಫಾರ್ವರ್ಡ್ ಕಾಲು ಜಾರಿ ಬಿದ್ದ. ಬೀಳುವಾಗ ಅವನ ಸ್ಟಿಕ್ಕಿಗೆ ಚೆಂಡು ತಗುಲಿ ನೆಟ್ಟಗೆ ಗೋಲಿನೊಳಗೆ ಹೋಯಿತು. ಗುರಿಯಿಟ್ಟು ಹೊಡೆದಿದ್ದರೆ ಖಂಡಿತ ಹೋಗುತ್ತಿರಲಿಲ್ಲ.

ಭಾವ ಗುಂಡಿ ಒತ್ತಿದರು. ಸದ್ದಿಲ್ಲ. ಎರಡೂ ಹೆಬ್ಬೆರಳಿಟ್ಟು ಒತ್ತಿದರು. ನೀರು ಕುದಿದ ಕೆಟಲ್ ‘ಟಕ್’ ಎಂದು ಆರಿತು. ಭಾವ ಅದರ ಪ್ಲಗ್ ಕಿತ್ತೆಸೆದರು, ಆದರೆ ಊರಿಗೆಲ್ಲ ವೈರ್ ಎಳೆದ ಆ ಕೈಗಳಿಗೆ ಗಾಬರಿಯಲ್ಲಿ ಸೈರನ್ನಿನ ಪ್ಲಗ್ಗನ್ನು ತೂತಿಗೆ ಸೇರಿಸಲಾಗಲಿಲ್ಲ. ಜನ ಒಬ್ಬೊಬ್ಬರಾಗಿ ಕ್ಯಾಬಿನ್ ಕಡೆ ತಿರುಗಿದರು. ಯಾರೋ ಒಬ್ಬ ಕೂಗಿದ.

“ಏಯ್ ಸೈರನ್, ಇರೋದೊಂದು ಕೆಲ್ಸ, ಅದನ್ನೂ ಮಾಡೋಕಾಗಲ್ವೇನೋ ನಿಂಗೆ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ವರ್ಷದಲ್ಲಿ ಮೊದಲ ಸಲ ಪ್ರೇಕ್ಷಕರಿಗೆ ಮನರಂಜನೆ ಸಿಕ್ಕಿತ್ತು. ಭಾವ ಮಾತ್ರ ತಲೆ ತಗ್ಗಿಸಿ ಕೂತುಬಿಟ್ಟರು.

ಪಂದ್ಯ ಮುಗಿದು ಜನ ಚದುರಿದ ಮೇಲೆ ಕ್ಯಾಬಿನ್ನಿನ ಬಾಗಿಲಲ್ಲಿ ಸೆಂಟರ್ ಫಾರ್ವರ್ಡ್ ನಿಂತಿದ್ದ. ಮೊಣಕೈ ತರಚಿತ್ತು. ಬೈಯಲು ಬಂದನೆಂದು ಭಾವ ಎದ್ದು ನಿಂತರು.

“ಬಿಡಿ ಅಣ್ಣ, ನಂಗೂ ವರ್ಷವಿಡೀ ಹೀಗೇ ಆಯ್ತು” ಎಂದ ಅವನು.

ಭಾವ ತಮ್ಮ ಲೋಟದಲ್ಲೇ ಅವನಿಗೆ ಟೀ ಬಗ್ಗಿಸಿ ಕೊಟ್ಟರು. ಆಮೇಲೆ ಸೈರನ್ನಿನ ಪ್ಲಗ್ ಸಿಕ್ಕಿಸಿ ಗುಂಡಿ ಅದುಮಿದರು. ಖಾಲಿ ಮೈದಾನದ ತುಂಬ ಸೈರನ್ ಕಿವಿ ಕಿತ್ತುಹೋಗುವಂತೆ ಕೂಗಿತು. ಮ್ಯಾನೇಜರ್ ಏದುಸಿರು ಬಿಡುತ್ತ ಓಡಿಬಂದ.

“ಆಟ ಮುಗಿದು ಅರ್ಧ ಗಂಟೆ ಆಯ್ತಲ್ರೀ! ಈಗ್ಯಾಕೆ?”

ಭಾವ ಗುಂಡಿಯಿಂದ ಬೆರಳು ತೆಗೆಯಲಿಲ್ಲ.

“ನಮ್ ಹುಡುಗ ಗೋಲ್ ಹೊಡ್ದಿದಾನೆ ಸಾರ್. ಇವತ್ತು ಕೂಗಿದ್ರೆ ಸೈರನ್ ಇರುತ್ತೆ ಅಂದಿದ್ರಲ್ಲ, ಕೇಳಿಸ್ಕೊಳ್ಳಿ!”